ಆರ್‌ಪಿಎಂ ಮೊದಲು, ಪಾರ್ಟು ಆಮೇಲೆ: ಎಪ್ಪತ್ತು ಸಿಸಿ ರೇಸಿಂಗ್ ಸ್ಕೂಟರಿನ ಲೆಕ್ಕಾಚಾರ

ಇಟಲಿಯ ಕಾರ್ಟ್ ಟ್ರ್ಯಾಕ್‌ಗಳಲ್ಲಿ ನಡೆಯುವ ಸಣ್ಣ ಸ್ಕೂಟರ್ ರೇಸಿಗೆ ಹೊಸಬನೊಬ್ಬ ಗಾಡಿ ಕಟ್ಟಿಕೊಂಡು ಬರುತ್ತಾನೆ ಅಂದುಕೊಳ್ಳಿ. ಒಂದು ಕಂಪನಿಯ ದುಬಾರಿ ಸಿಲಿಂಡರ್ ಕಿಟ್, ಇನ್ನೊಂದು ಕಂಪನಿಯ ರೇಸಿಂಗ್ ಸೈಲೆನ್ಸರ್, ಗೆಳೆಯನಿಂದ ಅಗ್ಗಕ್ಕೆ ಸಿಕ್ಕ ದೊಡ್ಡ ಕಾರ್ಬೊರೇಟರ್. ಬೆಲ್ಟಿನ ಮೂಲಕ ತಾನೇ ಗೇರ್ ಬದಲಿಸುವ ಪುಲ್ಲಿ, ಅಂದರೆ ವೇರಿಯೇಟರ್ ಮಾತ್ರ ಕಂಪನಿಯಿಂದ ಬಂದದ್ದೇ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಒಳ್ಳೆಯ ಮಾಲೇ. ಜೋಡಿಸಿ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಗೊರಗೊರ ಅನ್ನುತ್ತದೆ, ಎಳೆಯುವುದಿಲ್ಲ. ಷೋರೂಮಿನಿಂದ ತಂದ ಸ್ಕೂಟರೇ ಅದಕ್ಕಿಂತ ಚುರುಕಾಗಿ ಹೊರಡುತ್ತದೆ. ಕಾರಣ ಇಷ್ಟೇ: ಸಿಲಿಂಡರ್ 12,000 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತಿಗೆ) ಮಾಡಿದ್ದು, ಸೈಲೆನ್ಸರ್ 9,000ಕ್ಕೆ ಮಾಡಿದ್ದು, ವೇರಿಯೇಟರ್ 7,500 ಬರುತ್ತಿದ್ದ ಹಾಗೆ ಗೇರ್ ಏರಿಸಲು ಶುರುಮಾಡುತ್ತದೆ. ಮೂವರೂ ಮೂರು ದಿಕ್ಕಿಗೆ ಎಳೆಯುತ್ತಿದ್ದಾರೆ.

ಆದ್ದರಿಂದ ಪಾರ್ಟು ಆರಿಸುವ ಮೊದಲು ಒಂದು ಅಂಕಿ ನಿರ್ಧಾರವಾಗಬೇಕು. ಈ ಎಂಜಿನ್ ತನ್ನ ಪೂರ್ತಿ ಶಕ್ತಿ ಯಾವ ಆರ್‌ಪಿಎಂನಲ್ಲಿ ಕೊಡಬೇಕು? ಅದು ಗೊತ್ತಾದರೆ ಅಂಗಡಿಯ ಮುಕ್ಕಾಲು ಪಾಲು ಮಾಲನ್ನು ನೋಡುವ ಅಗತ್ಯವೇ ಇರುವುದಿಲ್ಲ.

ಉದಾಹರಣೆಗೆ ಈ ಲೋಕದ ಅತಿ ಪರಿಚಿತ ಗಾಡಿಯನ್ನೇ ತೆಗೆದುಕೊಳ್ಳೋಣ. 1997ರಿಂದ ಯೂರೋಪಿನಲ್ಲಿ ಓಡಾಡುತ್ತಿರುವ ಯಮಹಾ ಏರಾಕ್ಸ್ 50, ಅದರ ಅವಳಿ ಎಂಬಿಕೆ ನೈಟ್ರೊ. ಎರಡರಲ್ಲೂ ಇರುವುದು ಮಿನರೆಲ್ಲಿ ಕಂಪನಿಯ ಅಡ್ಡ ಸಿಲಿಂಡರಿನ, ನೀರಿನಿಂದ ತಣ್ಣಗಾಗುವ ಟು-ಸ್ಟ್ರೋಕ್ ಎಂಜಿನ್. ಬೋರ್ (ಸಿಲಿಂಡರಿನ ಒಳ ಅಗಲ) 40 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 39 ಮಿ.ಮೀ.ಗೆ ಚೂರು ಹೆಚ್ಚು, ಒಟ್ಟು 49 ಸಿಸಿ. ಯೂರೋಪಿನ ಕಾನೂನಿನ ಪ್ರಕಾರ ಈ ವರ್ಗದ ಗಾಡಿ 50 ಸಿಸಿ ಮೀರಬಾರದು, ವೇಗ ಗಂಟೆಗೆ 45 ಕಿ.ಮೀ. ದಾಟಬಾರದು. ಇಟಲಿಯಲ್ಲಿ 14 ವರ್ಷಕ್ಕೇ ಇದರ ಲೈಸೆನ್ಸ್ ಸಿಗುತ್ತದೆ. ಹದಿನಾಲ್ಕರ ಹುಡುಗನ ಕೈಗೆ 45ಕ್ಕೆ ಕಟ್ಟಿಹಾಕಿದ ಗಾಡಿ ಕೊಟ್ಟರೆ ಮುಂದೇನಾಗುತ್ತದೆ ಎಂದು ಹೇಳಬೇಕಿಲ್ಲ. ಅದರ ಸುತ್ತ ಒಂದು ಉದ್ಯಮವೇ ಬೆಳೆದಿದೆ. ಬೊಲೊನ್ಯಾ ಪಕ್ಕದ ಕಾಲ್ದೆರಾರಾ ದಿ ರೆನೊ ಎಂಬ ಊರಿನಲ್ಲಿ ಎಂಜಿನ್ ಮಾಡುವ ಮಿನರೆಲ್ಲಿಯೂ ಇದೆ, ಅದನ್ನು ಬಿಚ್ಚಿ ಜೋರು ಮಾಡುವ ಸಾಮಾನು ಮಾರುವ ಮಲೋಸ್ಸಿಯೂ ಇದೆ. ಬೆರ್ಗಮೊ ಹತ್ತಿರದ ಆಲ್ಜಾನೊ ಲೊಂಬಾರ್ದೊದಲ್ಲಿ ಅಂಥದ್ದೇ ಸಾಮಾನಿನ ಪೊಲೀನಿ. ಮಲೋಸ್ಸಿ, ಪೊಲೀನಿ ಎರಡೂ ತಮ್ಮದೇ ಹೆಸರಿನಲ್ಲಿ ಸ್ಕೂಟರ್ ರೇಸುಗಳನ್ನೂ ನಡೆಸಿಕೊಂಡು ಬಂದಿವೆ.

ಎಂಜಿನ್ನಿನ ಶಕ್ತಿ ಅಂದರೆ ಟಾರ್ಕ್ (ತಿರುಗಿಸುವ ಬಲ) ಗುಣಿಸು ಆರ್‌ಪಿಎಂ. ಸಿಲಿಂಡರ್ ದೊಡ್ಡದು ಮಾಡಿದರೆ ಟಾರ್ಕ್ ಏರುತ್ತದೆ, ಆದರೆ ರೇಸಿನ ನಿಯಮ 70 ಸಿಸಿಗೆ ನಿಲ್ಲಿಸುತ್ತದೆ. ಬೋರನ್ನು 40ರಿಂದ 47.6 ಮಿ.ಮೀ.ಗೆ ಏರಿಸಿದರೆ ಹಳೇ ಸ್ಟ್ರೋಕಿನಲ್ಲೇ 70 ಸಿಸಿ ಸಿಗುತ್ತದೆ, ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು ಶೇಕಡಾ 42ರಷ್ಟು ಹೆಚ್ಚುತ್ತದೆ. ಅಲ್ಲಿಗೆ ಆ ದಾರಿ ಮುಗಿಯಿತು. ಉಳಿದ ಶಕ್ತಿಯೆಲ್ಲ ಬರಬೇಕಾದ್ದು ಸಿಲಿಂಡರನ್ನು ಚೆನ್ನಾಗಿ ತುಂಬಿಸುವುದರಿಂದ, ಮತ್ತು ಆ ತುಂಬುವಿಕೆಯನ್ನು ನಿಮಿಷಕ್ಕೆ ಹೆಚ್ಚು ಸಲ ಮಾಡುವುದರಿಂದ. ಈ ಎರಡನ್ನೂ ಕೈಯಲ್ಲಿ ಹಿಡಿದುಕೊಂಡಿರುವುದು, ಟು-ಸ್ಟ್ರೋಕಿನಲ್ಲಿ, ಸೈಲೆನ್ಸರ್.

ಆರ್‌ಎಕ್ಸ್ 100 ಬಿಚ್ಚಿ ಕಟ್ಟಿದವರಿಗೆ ಇದು ಗೊತ್ತಿರುವ ಸಂಗತಿ. ಟು-ಸ್ಟ್ರೋಕಿನ ಸಿಲಿಂಡರಿನಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆದುಕೊಂಡು ಸುಟ್ಟ ಗ್ಯಾಸು ಹೊರಗೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದ ಟ್ರಾನ್ಸ್‌ಫರ್ ಪೋರ್ಟ್‌ಗಳು ತೆರೆದು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿನಿಂದ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಪಿಸ್ಟನ್ ಮೇಲೇರುವಾಗ ಮೊದಲು ಮುಚ್ಚುವುದು ಟ್ರಾನ್ಸ್‌ಫರ್, ಕೊನೆಗೆ ಮುಚ್ಚುವುದು ಎಕ್ಸಾಸ್ಟ್. ತೊಂದರೆ ಇರುವುದು ಇಲ್ಲೇ. ಒಳಬರುವ ಬಾಗಿಲು ಮುಚ್ಚಿದ ಮೇಲೂ ಹೊರಹೋಗುವ ಬಾಗಿಲು ತೆರೆದೇ ಇರುತ್ತದೆ. ಒಳಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಸುಡದೆಯೇ ಸೈಲೆನ್ಸರಿಗೆ ಸೋರಿಹೋಗುತ್ತದೆ.

ರೇಸಿಂಗ್ ಸೈಲೆನ್ಸರಿನ ಹೊಟ್ಟೆ ಉಬ್ಬಿರುವುದು ಅಂದಕ್ಕಲ್ಲ. ಎಕ್ಸಾಸ್ಟ್ ಪೋರ್ಟ್ ತೆರೆದ ಕ್ಷಣ ಒಂದು ಒತ್ತಡದ ಅಲೆ ಪೈಪಿನೊಳಗೆ ಓಡುತ್ತದೆ. ಪೈಪು ಅಗಲವಾಗುತ್ತ ಹೋಗುವ ಕಡೆ ಅದರ ಒಂದು ಅಂಶ ಎಳೆತದ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆಯುತ್ತದೆ. ಅದೇ ಎಳೆತಕ್ಕೆ ಕ್ರ್ಯಾಂಕ್‌ಕೇಸಿನ ಹೊಸ ಮಿಶ್ರಣವೂ ಜೋರಾಗಿ ಮೇಲೆ ಬರುತ್ತದೆ, ಸ್ವಲ್ಪ ಹೊರಕ್ಕೂ ಚೆಲ್ಲುತ್ತದೆ. ಮುಂದಕ್ಕೆ ಹೋದ ಅಲೆ, ಪೈಪು ಮತ್ತೆ ಕಿರಿದಾಗುವ ಹಿಂದಿನ ಕೋನ್‌ಗೆ ಬಡಿದು ಒತ್ತಡದ ಅಲೆಯಾಗಿಯೇ ವಾಪಸು ಬಂದು, ಹೊರಗೆ ಚೆಲ್ಲಿದ್ದನ್ನು ಸಿಲಿಂಡರಿಗೆ ದಬ್ಬುತ್ತದೆ. ಸರಿಯಾಗಿ ಆ ಹೊತ್ತಿಗೆ ಪಿಸ್ಟನ್ ಬಂದು ಬಾಗಿಲು ಹಾಕಬೇಕು. ಉಯ್ಯಾಲೆ ತೂಗುವವರು ಅದು ಹಿಂದಕ್ಕೆ ಬಂದು ನಿಲ್ಲುವ ಕ್ಷಣ ನೋಡಿ ತಳ್ಳುತ್ತಾರಲ್ಲ, ಹಾಗೆ. ಅಲೆ ಬೇಗ ಬಂದರೆ ಕೆಲಸ ಕೆಡುತ್ತದೆ, ತಡವಾದರೆ ಬಾಗಿಲು ಮುಚ್ಚಿರುತ್ತದೆ.

ಇದನ್ನು ಅಳತೆಗೆ ತಂದವನು ಪೂರ್ವ ಜರ್ಮನಿಯ ವಾಲ್ಟರ್ ಕಾಡನ್. ಚೋಪೌ ಎಂಬ ಊರಿನ ಎಂಜಡ್ (MZ) ಮೋಟಾರ್‌ಸೈಕಲ್ ಕಾರ್ಖಾನೆಯ ರೇಸಿಂಗ್ ವಿಭಾಗದಲ್ಲಿ 1950ರ ದಶಕದುದ್ದಕ್ಕೂ ಪೈಪಿನೊಳಗಿನ ಅಲೆಯನ್ನು ಆಸಿಲೋಸ್ಕೋಪ್ ಹಿಡಿದು ನೋಡಿದವನು. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು, ಅಂದರೆ ಎಂಜಿನ್ ಗಾತ್ರದ ಲೀಟರಿಗೆ 200. ಅದೇ ವರ್ಷ ಸ್ವೀಡನ್ ರೇಸಿನ ಹೊತ್ತಿಗೆ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋದ, ಕಾಡನ್‌ನ ವಿದ್ಯೆಯನ್ನೂ ಸುಝುಕಿಗೆ ಒಯ್ದ, 1962ರಲ್ಲಿ ಸುಝುಕಿ ಮೇಲೆ 50 ಸಿಸಿಯ ವಿಶ್ವ ಚಾಂಪಿಯನ್ ಆದ. ಕಾಡನ್‌ನ ಲೀಟರಿಗೆ 200ರ ಲೆಕ್ಕ 70 ಸಿಸಿಗೆ ಹಾಕಿದರೆ 14 ಅಶ್ವಶಕ್ತಿ ಬರುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಪೂರ್ತಿ ರೇಸ್ ಕಿಟ್‌ಗಳು ಸರಿಯಾಗಿ ಕೂಡಿಸಿದರೆ ಅದನ್ನು ದಾಟುತ್ತವೆ. ಅರವತ್ತು ವರ್ಷದ ಹಿಂದೆ ಗಡಿ ದಾಟಿಸಿ ಕದ್ದ ಗುಟ್ಟು ಈಗ ಪೆಟ್ಟಿಗೆಯಲ್ಲಿ ಪೋಸ್ಟಿನಲ್ಲಿ ಬರುತ್ತದೆ!

ಲೆಕ್ಕ ಕಷ್ಟದ್ದಲ್ಲ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಅಂದುಕೊಳ್ಳಿ. ಎಕ್ಸಾಸ್ಟ್ ಪೋರ್ಟ್ ಕ್ರ್ಯಾಂಕಿನ (ಪಿಸ್ಟನ್ನಿನ ಓಡಾಟವನ್ನು ಸುತ್ತಾಗಿಸುವ ಶಾಫ್ಟಿನ) 190 ಡಿಗ್ರಿಯಷ್ಟು ಕಾಲ ತೆರೆದಿರುತ್ತದೆ, ಎಂಜಿನ್ 12,000ದಲ್ಲಿ ತಿರುಗುತ್ತಿದೆ. ಆಗ ಬಾಗಿಲು ತೆರೆದಿರುವ ಸಮಯ 2.6 ಮಿಲಿಸೆಕೆಂಡ್. ಅಷ್ಟರಲ್ಲಿ ಅಲೆ ಹೋಗಿ ಬರಬೇಕು, ಹಾಗಾಗಿ ಪಿಸ್ಟನ್ನಿನಿಂದ ಅಲೆ ತಿರುಗುವ ಜಾಗದವರೆಗೆ ಉದ್ದ ಸುಮಾರು 66 ಸೆಂ.ಮೀ. ಇನ್ನು ಸೌಮ್ಯವಾದ ಸಿಲಿಂಡರ್ ನೋಡಿ: 170 ಡಿಗ್ರಿ, 8,500 ಆರ್‌ಪಿಎಂ. ಸಮಯ 3.3 ಮಿಲಿಸೆಕೆಂಡ್, ಉದ್ದ 83 ಸೆಂ.ಮೀ. ಎರಡು ಪೈಪುಗಳ ನಡುವೆ ಮುಕ್ಕಾಲು ಗೇಣಿನಷ್ಟು ವ್ಯತ್ಯಾಸ. ಈಗ ಮೊದಲನೇ ಸಿಲಿಂಡರಿಗೆ ಎರಡನೇ ಪೈಪು ಹಾಕಿದವನ ಪಾಡು ಊಹಿಸಿ. ಹೊಳೆಯುವ ಕ್ರೋಮ್ ನೋಡಿ ಸೈಲೆನ್ಸರ್ ಕೊಳ್ಳುವವರು ಕೊಳ್ಳುತ್ತಿರುವುದು ಬೇರೆ ಯಾರದೋ ಎಂಜಿನ್ನಿನ ಆರ್‌ಪಿಎಂ.

ಹಾಗಾದರೆ ಎಷ್ಟು ಆರ್‌ಪಿಎಂ ಬೇಕು? ಅದನ್ನು ಹೇಳಬೇಕಾದ್ದು ಓಡುವ ಜಾಗ. ನೂರೈವತ್ತು ಮೀಟರಿನಂಥ ಗಿಡ್ಡ ನೇರ ಓಟಕ್ಕೆ ಹಸಿರು ದೀಪದಿಂದ ಗೆರೆಯವರೆಗೆ ಆಕ್ಸಿಲರೇಟರ್ ಪೂರ್ತಿ ತೆರೆದೇ ಇರುತ್ತದೆ. ಅಲ್ಲಿ ಕಡಿದಾದ, ತುದಿಯಲ್ಲಿ ಮಾತ್ರ ಸಿಡಿಯುವ ಎಂಜಿನ್ ನಡೆಯುತ್ತದೆ. ಕಾರ್ಟ್ ಟ್ರ್ಯಾಕ್ ಹಾಗಲ್ಲ. ಪ್ರತಿ ತಿರುವಿಗೂ ಆಕ್ಸಿಲರೇಟರ್ ಬಿಡಬೇಕು, ಆರ್‌ಪಿಎಂ ಬೀಳುತ್ತದೆ, ಮತ್ತೆ ತೆರೆದಾಗ ಪೈಪು ಎಚ್ಚರಗೊಳ್ಳುವ ಅಂಕಿಯವರೆಗೆ ಎಂಜಿನ್ ತೆವಳಿಕೊಂಡು ಹೋಗಬೇಕು. ತುದಿಯಲ್ಲಿ ಎರಡು ಅಶ್ವಶಕ್ತಿ ಕಡಿಮೆಯಿದ್ದರೂ ಬೇಗ ಎಚ್ಚರಗೊಳ್ಳುವ ಪೈಪು ಅಲ್ಲಿ ಗೆಲ್ಲುತ್ತದೆ. ನನ್ನನ್ನು ಕೇಳಿದರೆ ಮೊದಲ ಗಾಡಿಗೆ 9,500ರಿಂದ 10,500ರೊಳಗೆ ತುದಿ ಮುಟ್ಟುವ ಜೋಡಿ ಸಾಕು. ಅದಕ್ಕಿಂತ ಮೇಲೆ ಹೋದರೆ ಖರ್ಚು ಏರುವ ರೀತಿಯೇ ಬೇರೆ, ಮುಂದೆ ನೋಡೋಣ.

ಸಿಲಿಂಡರ್ ಕಿಟ್‌ಗಳನ್ನು ಮಾರುವವರು ಸ್ಪೋರ್ಟ್, ಮಿಡ್‌ರೇಸ್, ರೇಸ್ ಎಂದು ಮೂರು ದರ್ಜೆ ಮಾಡಿರುತ್ತಾರೆ. ಸ್ಪೋರ್ಟ್ ಅಂದರೆ ಸಾಮಾನ್ಯವಾಗಿ ಬೀಡುಕಬ್ಬಿಣದ ಸಿಲಿಂಡರ್, ಎರಡು ರಿಂಗಿನ ಪಿಸ್ಟನ್. ಅಗ್ಗ, ಸೀಜ್ ಆದರೆ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡರೆ) ಲೇತಿನವನ ಹತ್ತಿರ ಒಯ್ದು ಬೋರ್ ಮಾಡಿಸಿ ಮುಂದಿನ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಮೇಲಿನ ದರ್ಜೆಯವು ಅಲ್ಯೂಮಿನಿಯಂ, ಒಳಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್‌ನ ಗಟ್ಟಿ ಲೇಪ. ಪಿಸ್ಟನ್ನೂ ಅಲ್ಯೂಮಿನಿಯಂ ಆದ್ದರಿಂದ ಬಿಸಿಯಾದಾಗ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹಿಗ್ಗುತ್ತವೆ, ನಡುವೆ ಕಡಿಮೆ ಸಂದು ಬಿಟ್ಟರೂ ನಡೆಯುತ್ತದೆ, ಬಿಸಿಯೂ ಬೇಗ ನೀರಿಗೆ ದಾಟುತ್ತದೆ. ಲೇಪ ಕಿತ್ತುಬಂದರೆ ಮಾತ್ರ ಊರಿನ ಲೇತಿನಲ್ಲಿ ಮಾಡುವಂಥದ್ದೇನೂ ಇಲ್ಲ. ರೇಸ್ ದರ್ಜೆಯಲ್ಲಿ ಪಿಸ್ಟನ್ನಿಗೆ ಒಂದೇ ರಿಂಗ್, ಎಕ್ಸಾಸ್ಟ್ ಪೋರ್ಟು ಬಾಯಿ ಅಗಲಿಸಿಕೊಂಡಿರುತ್ತದೆ, ಕೆಲವದರಲ್ಲಿ ಪಕ್ಕಕ್ಕೆ ಇನ್ನೆರಡು ಮರಿ ಪೋರ್ಟುಗಳು. ರಿಂಗನ್ನು ಆಗಾಗ ಬದಲಿಸುವುದು ಅಲ್ಲಿ ರಿಪೇರಿಯಲ್ಲ, ದಿನಚರಿ.

ಪೆಟ್ಟಿಗೆಯ ಮೇಲಿನ ಅಶ್ವಶಕ್ತಿಗಿಂತ ಕೇಳಿ ತಿಳಿಯಬೇಕಾದ್ದು ಪೋರ್ಟ್ ಟೈಮಿಂಗ್. ಎಕ್ಸಾಸ್ಟ್ ಎಷ್ಟು ಡಿಗ್ರಿ, ಟ್ರಾನ್ಸ್‌ಫರ್ ಎಷ್ಟು ಡಿಗ್ರಿ. ಎಕ್ಸಾಸ್ಟ್ 190, ಟ್ರಾನ್ಸ್‌ಫರ್ 130 ಇದ್ದರೆ ವ್ಯತ್ಯಾಸದ ಅರ್ಧ, ಅಂದರೆ 30 ಡಿಗ್ರಿ ಕಾಲ ಎಕ್ಸಾಸ್ಟ್ ಒಂದೇ ತೆರೆದಿರುತ್ತದೆ. ಸಿಲಿಂಡರಿನ ಒತ್ತಡ ಇಳಿಯಲು ಸಿಗುವ ಅವಕಾಶ ಅದಷ್ಟೇ. 6,000 ಆರ್‌ಪಿಎಂನಲ್ಲಿ ಆ 30 ಡಿಗ್ರಿಗೆ 0.83 ಮಿಲಿಸೆಕೆಂಡ್ ಸಿಗುತ್ತದೆ, 12,000ದಲ್ಲಿ 0.42. ಅಷ್ಟರೊಳಗೆ ಒತ್ತಡ ಇಳಿಯದಿದ್ದರೆ ಬಿಸಿ ಹೊಗೆ ಟ್ರಾನ್ಸ್‌ಫರ್ ದಾರಿಯಲ್ಲೇ ಕೆಳಗೆ ನುಗ್ಗಿ ಹೊಸ ಮಿಶ್ರಣವನ್ನು ಹಾಳುಮಾಡುತ್ತದೆ. ಹೆಚ್ಚು ಆರ್‌ಪಿಎಂನ ಸಿಲಿಂಡರಿನಲ್ಲಿ ಎಕ್ಸಾಸ್ಟ್ ಅಷ್ಟು ಎತ್ತರಕ್ಕೂ ಅಷ್ಟು ಅಗಲಕ್ಕೂ ಇರುವುದು ಇದಕ್ಕೇ. ಅರ ಹಿಡಿದು ನಾನೇ ಪೋರ್ಟಿಂಗ್ ಮಾಡುತ್ತೇನೆ ಅನ್ನುವವರು ಒಂದು ಲೆಕ್ಕ ನೆನಪಿಡಬೇಕು. ಈ 39 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರ್ ಎತ್ತಿದರೆ ಸುಮಾರು 6 ಡಿಗ್ರಿ ಹೆಚ್ಚುತ್ತದೆ. ಮೂರು ಸಲ ಅರ ಹೆಚ್ಚಾಡಿಸಿದರೆ ಸ್ಪೋರ್ಟ್ ಕಿಟ್ ತನ್ನ ಸೈಲೆನ್ಸರಿನ ಲೆಕ್ಕದಿಂದ ಹೊರಗೆ ಹೋಗಿಬಿಡುತ್ತದೆ. ಎತ್ತಿದ್ದನ್ನು ಇಳಿಸಲು ಬರುವುದಿಲ್ಲ.

ಇನ್ನು ಕೆಳಗಿನ ಅರ್ಧ, ಕ್ರ್ಯಾಂಕು. ಇದರ ಬಗ್ಗೆ ಯಾರೂ ಉತ್ಸಾಹದಿಂದ ಮಾತಾಡುವುದಿಲ್ಲ, ಏಕೆಂದರೆ ಇದಕ್ಕೆ ಹಾಕಿದ ದುಡ್ಡು ವೇಗವಾಗಿ ಕಾಣಿಸುವುದಿಲ್ಲ. ಪಿಸ್ಟನ್ ಪ್ರತಿ ಸುತ್ತಿಗೂ ಎರಡು ಸಲ ನಿಂತು ದಿಕ್ಕು ಬದಲಿಸುತ್ತದೆ, ಆ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 8,000ದಿಂದ 12,000ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ಎರಡೂಕಾಲು ಪಟ್ಟು. 47.6 ಮಿ.ಮೀ.ನ ಪಿಸ್ಟನ್ ಹಳೆಯದಕ್ಕಿಂತ ಭಾರವೂ ಹೌದು. ಕಂಪನಿಯ ಕ್ರ್ಯಾಂಕು ಸ್ಪೋರ್ಟ್ ಕಿಟ್ಟನ್ನು ತಾಳಿಕೊಳ್ಳುತ್ತದೆ. ರೇಸ್ ಕಿಟ್ಟಿಗೆ ಬಲಪಡಿಸಿದ ಕ್ರ್ಯಾಂಕು, ಹೆಚ್ಚು ವೇಗಕ್ಕೆ ಮಾಡಿದ ಕೇಜಿನ ಬೇರಿಂಗು, ಹೊಸ ಆಯಿಲ್ ಸೀಲು ಬೇಕೇ ಬೇಕು. ಕೊಳ್ಳುವಾಗ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ಅಳತೆ ನೋಡಿಕೊಳ್ಳಿ. ಈ ಸಣ್ಣ ಎಂಜಿನ್ನುಗಳಲ್ಲಿ 10 ಮಿ.ಮೀ. ಮತ್ತು 12 ಮಿ.ಮೀ. ಎರಡೂ ಇವೆ, ಪಿಸ್ಟನ್ ಒಂದು ಕ್ರ್ಯಾಂಕು ಇನ್ನೊಂದು ಆದರೆ ಎರಡೂ ಪೆಟ್ಟಿಗೆಗಳನ್ನು ವಾಪಸು ಕಳಿಸಬೇಕಾಗುತ್ತದೆ. ಮೇಲೆ ಹೇಳಿದ ಖರ್ಚು ಇದೇ. 10,500 ದಾಟುವ ಆಸೆ ಅಂದರೆ ಎಂಜಿನ್ ಪೂರ್ತಿ ಇಳಿಸಿ ಕೇಸು ಬಿಡಿಸುವ ಕೆಲಸ.

ಕಾರ್ಬೊರೇಟರ್ ವಿಷಯ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಕಂಪನಿಯಿಂದ ಬರುವುದು 12 ಮಿ.ಮೀ.ನ ದೆಲ್ಲೋರ್ತೊ. ಅದರ ಬಾಯಿಯ ವಿಸ್ತೀರ್ಣಕ್ಕೆ ಹೋಲಿಸಿದರೆ 17.5 ಮಿ.ಮೀ.ನದು ಎರಡು ಪಟ್ಟಿಗೂ ಚೂರು ಹೆಚ್ಚು, 19ರದು ಎರಡೂವರೆ, 21ರದು ಮೂರು ಪಟ್ಟು. ಸ್ಪೋರ್ಟ್ ಕಿಟ್ಟಿಗೆ 17.5 ಧಾರಾಳ. ಮಿಡ್‌ರೇಸಿಗೆ 19 ಅಥವಾ 21. ಬೇಕಾದ್ದಕ್ಕಿಂತ ದೊಡ್ಡದು ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಳಿಯ ವೇಗ ಕಡಿಮೆಯಾಗಿ ಪೆಟ್ರೋಲ್ ಸರಿಯಾಗಿ ಚಿಮ್ಮುವುದಿಲ್ಲ, ತಿರುವಿನಿಂದ ಹೊರಬರುವಾಗ ಗಾಡಿ ಮುಗ್ಗರಿಸುತ್ತದೆ. ಕಾರ್ಬೊರೇಟರಿನ ಹಿಂದೆ ಕುಳಿತು, ಒಳಬಂದ ಮಿಶ್ರಣ ವಾಪಸು ಹೋಗದಂತೆ ತಡೆಯುವ ರೀಡ್ ವಾಲ್ವಿನ ಎಲೆಗಳನ್ನು ಕಾರ್ಬನ್ನಿನದಕ್ಕೆ ಬದಲಿಸುವುದು ಅಗ್ಗದ ಒಳ್ಳೆಯ ಕೆಲಸ. ಹೆಚ್ಚು ವೇಗದಲ್ಲಿ ಮೆತ್ತನೆ ಎಲೆ ಸಮಯಕ್ಕೆ ಮುಚ್ಚದೆ ಪಟಪಟಿಸುತ್ತದೆ.

ಇಗ್ನಿಷನ್ನಿನಲ್ಲಿ ಒಂದು ಕುತೂಹಲದ ಸಂಗತಿಯಿದೆ. ಒಳ್ಳೆಯ ರೇಸಿಂಗ್ ಇಗ್ನಿಷನ್ ಆರ್‌ಪಿಎಂ ತುದಿಗೆ ಹೋದಂತೆ ಕಿಡಿಯನ್ನು ಮುಂಚಿತ ಮಾಡುವ ಬದಲು ತಡ ಮಾಡುತ್ತದೆ. ತಡವಾಗಿ ಸುಟ್ಟರೆ ಹೊಗೆ ಇನ್ನೂ ಬಿಸಿಯಾಗಿ ಪೈಪಿಗೆ ಹೋಗುತ್ತದೆ, ಬಿಸಿಯಲ್ಲಿ ಅಲೆಯ ವೇಗ ಏರುತ್ತದೆ, ಅದೇ ಪೈಪು ಗಿಡ್ಡವಾದಂತೆ ವರ್ತಿಸುತ್ತದೆ. ತುದಿಯಾಚೆಗೂ ಎಂಜಿನ್ ಇನ್ನಷ್ಟು ದೂರ ಎಳೆಯುತ್ತದೆ. ಒಳ ರೋಟರಿನ ಹಗುರ ಮ್ಯಾಗ್ನೆಟ್ಟಿನಿಂದ ಎಂಜಿನ್ ಬೇಗ ಏರುತ್ತದೆ ಎನ್ನುವುದು ಜೊತೆಗೆ ಸಿಗುವ ಲಾಭ. ಮೊದಲ ಗಾಡಿಗೆ ಇದು ಬೇಡ.

ಬೇಕಾದ್ದು ವೇರಿಯೇಟರ್. ನಮ್ಮೂರಿನ ಓದುಗರಲ್ಲಿ ಬಹಳ ಜನ ದಿನಾ ಇದರ ಮೇಲೆ ಕುಳಿತೇ ಆಫೀಸಿಗೆ ಹೋಗುತ್ತಾರೆ. ಆಕ್ಟಿವಾದಲ್ಲಿ ಇರುವುದೂ ಇದೇ ಏರ್ಪಾಡು, ಹಿಂದೆ ಕೈನೆಟಿಕ್ ಹೋಂಡಾದ 98 ಸಿಸಿ ಟು-ಸ್ಟ್ರೋಕಿನಲ್ಲಿ ಇದ್ದದ್ದೂ ಇದೇ. ಕ್ರ್ಯಾಂಕಿನ ತುದಿಯಲ್ಲಿ ಎರಡು ತಟ್ಟೆಗಳ ಒಂದು ಪುಲ್ಲಿ, ಹಿಂದಿನ ಚಕ್ರದ ಕಡೆ ಇನ್ನೊಂದು, ನಡುವೆ ಬೆಲ್ಟು. ಮುಂದಿನ ಪುಲ್ಲಿಯ ಒಳಗೆ ಆರು ರೋಲರುಗಳು. ಎಂಜಿನ್ ತಿರುಗಿದಂತೆ ಅವು ಹೊರಕ್ಕೆ ಸಿಡಿದು ತಟ್ಟೆಯನ್ನು ತಳ್ಳುತ್ತವೆ, ಬೆಲ್ಟು ಮೇಲೇರುತ್ತದೆ, ಗೇರ್ ಬದಲಾದಂತಾಗುತ್ತದೆ. ಹಿಂದಿನ ಪುಲ್ಲಿಯ ಸ್ಪ್ರಿಂಗು ಅದನ್ನು ತಡೆಯುತ್ತದೆ. ಈ ಎರಡರ ಜಗಳ ಸಮವಾಗುವ ಆರ್‌ಪಿಎಂನಲ್ಲೇ ಎಂಜಿನ್ ತಿರುಗುತ್ತಿರುತ್ತದೆ, ಗಾಡಿಯ ವೇಗ ಮಾತ್ರ ಏರುತ್ತ ಹೋಗುತ್ತದೆ.

ಸಣ್ಣ ಸ್ಕೂಟರ್ ರೇಸಿನ ಸೊಗಸೇ ಇದು. ಗೇರ್ ಬೈಕಿನಲ್ಲಿ ಪ್ರತಿ ಗೇರಿಗೂ ಆರ್‌ಪಿಎಂ ಬಿದ್ದು ಏಳುತ್ತದೆ, ಹಾಗಾಗಿ ಪೈಪು ಅಗಲವಾದ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕು. ಇಲ್ಲಿ ವೇರಿಯೇಟರ್ ಎಂಜಿನ್ನನ್ನು ಪೈಪಿಗೆ ಇಷ್ಟವಾದ ಅಂಕಿಯಲ್ಲೇ ಹಿಡಿದಿಡಬಲ್ಲದು. ಆರ್‌ಎಕ್ಸ್ 100ಕ್ಕೆ ಹಾಕಿದರೆ ಓಡಿಸಲಾಗದಷ್ಟು ಮೊನಚಾದ ಪೈಪನ್ನು ಸ್ಕೂಟರು ಸಹಿಸುತ್ತದೆ. ಆದರೆ ಯಾವ ಅಂಕಿಯಲ್ಲಿ ಹಿಡಿಯಬೇಕು ಎಂದು ಹೇಳಿಕೊಡುವುದು ರೋಲರಿನ ತೂಕ. ರೋಲರಿನ ತಳ್ಳು ತೂಕಕ್ಕೂ ಆರ್‌ಪಿಎಂನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಈಗ 6.5 ಗ್ರಾಮಿನ ರೋಲರುಗಳಲ್ಲಿ ಎಂಜಿನ್ 8,000ದಲ್ಲಿ ನಿಲ್ಲುತ್ತಿದೆ, ಪೈಪಿನ ತುದಿ 9,500ರಲ್ಲಿದೆ ಅನ್ನೋಣ. 8,000ವನ್ನು 9,500ರಿಂದ ಭಾಗಿಸಿ ವರ್ಗ ಮಾಡಿದರೆ 0.71. 6.5ಕ್ಕೆ ಗುಣಿಸಿದರೆ 4.6 ಗ್ರಾಂ. ಸ್ಪ್ರಿಂಗು ಬದಲಿಸದಿದ್ದರೆ ಅಲ್ಲಿಂದ ಶುರುಮಾಡಿ ಅರ್ಧರ್ಧ ಗ್ರಾಂ ಆಚೆ ಈಚೆ ಹಾಕಿ ನೋಡಬಹುದು. ಇದಕ್ಕೆ ಟ್ಯಾಕೋಮೀಟರ್ ಬೇಕು. ಕಿವಿಯಿಂದ ಆಗುವ ಕೆಲಸವಲ್ಲ, ಏಕೆಂದರೆ ಹೆಚ್ಚು ಸದ್ದು ಮಾಡುವ ಎಂಜಿನ್ ಹೆಚ್ಚು ಎಳೆಯುತ್ತಿದೆ ಅಂತಲೇ ಕಿವಿ ಹೇಳುತ್ತದೆ.

ಹಿಂದಿನ ಸ್ಪ್ರಿಂಗು ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೊಂದಿದೆ. ಬೆಲ್ಟು ಜಾರದಷ್ಟು ಗಟ್ಟಿ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದದ್ದು ಬೆಲ್ಟನ್ನು ಬಿಸಿಮಾಡಿ ಶಕ್ತಿ ತಿನ್ನುತ್ತದೆ. ಕ್ಲಚ್ಚಿನ ಸ್ಪ್ರಿಂಗುಗಳ ಕಡೆ ಮಾತ್ರ ಗಮನ ಬೇಕು. ಪೈಪು 8,000ದಲ್ಲಿ ಎಚ್ಚರಗೊಳ್ಳುವುದಾದರೆ ಕ್ಲಚ್ಚು 4,000ದಲ್ಲಿ ಹಿಡಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಲೇಖನದ ಮೊದಲಲ್ಲಿ ಗೊರಗೊರ ಅಂದ ಗಾಡಿಗೆ ಇದೂ ಒಂದು ಕಾಯಿಲೆ. ಬಿಗಿಯಾದ ಕ್ಲಚ್ ಸ್ಪ್ರಿಂಗ್ ಹಾಕಿದರೆ ಹಿಡಿತ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಗಾಡಿ ಜಿಗಿಯುತ್ತದೆ. ಕೆಲವು ನೂರು ರೂಪಾಯಿ ಬಾಳುವ ಮೂರು ಸ್ಪ್ರಿಂಗುಗಳು ಹತ್ತಾರು ಸಾವಿರದ ಸಿಲಿಂಡರಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದನ್ನು ಕಂಡರೂ ಜನ ಮುಂದಿನ ಸಲ ಸಿಲಿಂಡರನ್ನೇ ಕೊಳ್ಳುತ್ತಾರೆ.

ಎಲ್ಲ ಕೊಂಡಾದ ಮೇಲೆ ಜೋಡಿಸುವಾಗ ಅಳೆಯಲೇಬೇಕಾದದ್ದು ಸ್ಕ್ವಿಶ್. ಪಿಸ್ಟನ್ ತುದಿಗೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು. ಪ್ಲಗ್ಗಿನ ತೂತಿನಿಂದ ಸೋಲ್ಡರ್ ವೈರ್ ತೂರಿಸಿ, ಸಿಲಿಂಡರ್ ಗೋಡೆಗೆ ತಾಗಿಸಿ ಹಿಡಿದು, ಕೈಯಿಂದ ಎಂಜಿನ್ ತಿರುಗಿಸಿದರೆ ತುದಿ ಚಪ್ಪಟೆಯಾಗುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ನೋಡುವುದು. ಗಜನ್ ಪಿನ್ನಿನ ಎರಡೂ ತುದಿಯ ನೇರಕ್ಕೆ ಅಳೆಯಬೇಕು, ಇಲ್ಲದಿದ್ದರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಈ ಗಾತ್ರದ ಎಂಜಿನ್ನಿಗೆ 0.6ರಿಂದ 0.8 ಮಿ.ಮೀ. ಸರಿ. ಹೆಚ್ಚಾದರೆ ಅಂಚಿನ ಮಿಶ್ರಣ ತಾನೇ ಹೊತ್ತಿಕೊಂಡು ಪಿಸ್ಟನ್ ಅಂಚನ್ನು ಇಲಿ ಕಡಿದ ಹಾಗೆ ತಿನ್ನುತ್ತದೆ. ಕಡಿಮೆಯಾದರೆ ಪೂರ್ತಿ ವೇಗದಲ್ಲಿ ರಾಡು ಹಿಗ್ಗಿ ಪಿಸ್ಟನ್ ಹೆಡ್ಡಿಗೇ ಬಡಿಯುತ್ತದೆ. ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್ಟಿನ ದಪ್ಪ ಬದಲಿಸಿ ಇದನ್ನು ಹೊಂದಿಸಬಹುದು. ಆದರೆ ಗ್ಯಾಸ್ಕೆಟ್ ಬದಲಿಸಿದರೆ ಪೋರ್ಟ್ ಟೈಮಿಂಗೂ ಬದಲಾಗುತ್ತದೆ ಅನ್ನುವುದು ನೆನಪಿರಲಿ.

ಆಮೇಲೆ ಜೆಟ್ಟು, ಕಾರ್ಬೊರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಣುಕು. ದೆಲ್ಲೋರ್ತೊ ಜೆಟ್ಟಿನ ಅಂಕಿ ತೂತಿನ ಅಳತೆ ಹೇಳುತ್ತದೆ, 88 ಅಂದರೆ 0.88 ಮಿ.ಮೀ. ಯಾವಾಗಲೂ ದೊಡ್ಡ ಜೆಟ್ಟಿನಿಂದ ಶುರುಮಾಡಿ ಇಳಿಯುತ್ತ ಬರಬೇಕು. ಪೆಟ್ರೋಲ್ ಹೆಚ್ಚಾದರೆ ಗಾಡಿ ಮಂಕಾಗುತ್ತದೆ, ಅಷ್ಟೇ. ಕಡಿಮೆಯಾದರೆ ಸೀಜ್ ಆಗುತ್ತದೆ. ಆಯಿಲನ್ನು ಪೆಟ್ರೋಲಿಗೇ ಬೆರೆಸಿದ ಟು-ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ, ಹಾಗಾಗಿ ಪೆಟ್ರೋಲ್ ಕಡಿಮೆಯಾದ ಕ್ಷಣ ಬಿಸಿ ಏರುತ್ತದೆ, ಜಾರಿಕೆ ಇಳಿಯುತ್ತದೆ, ಎರಡೂ ಒಟ್ಟಿಗೆ. ಸೀಜ್ ಆಗುವ ಮೊದಲು ಎಂಜಿನ್ ಒಮ್ಮೆ ಅದ್ಭುತವಾಗಿ ಎಳೆಯುತ್ತದೆ ಎಂದು ಹಳೇ ಮೆಕ್ಯಾನಿಕ್‌ಗಳು ಹೇಳುವುದು ಸುಳ್ಳಲ್ಲ. ಉದ್ದ ನೇರ ಹಾದಿಯಲ್ಲಿ ಪೂರ್ತಿ ತೆರೆದು ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಸರಿ, ಬಿಳಿ ಕಂಡರೆ ಅಪಾಯ. ಪ್ಲಗ್ಗನ್ನೂ ಒಂದು ಅಂಕಿ ತಣ್ಣಗಿನದಕ್ಕೆ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವುದಕ್ಕೆ, ಬದಲಿಸಿರಬೇಕು. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು. ಬೆಳಗಿನ ತಂಪು ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಮಧ್ಯಾಹ್ನ ಸರಿಮಾಡಿದ ಜೆಟ್ಟನ್ನು ಮರುದಿನ ಬೆಳಗ್ಗೆ ನಂಬಬಾರದು.

ದುಡ್ಡು ಮಿತಿಯಲ್ಲಿದ್ದರೆ ನನ್ನ ಸಲಹೆ ಹೀಗೆ: ಸಿಲಿಂಡರ್ ಮತ್ತು ಸೈಲೆನ್ಸರನ್ನು ಒಂದೇ ಕಂಪನಿಯ ಒಂದೇ ದರ್ಜೆಯಲ್ಲಿ ಜೋಡಿಯಾಗಿ ಕೊಳ್ಳಿ, ಉಳಿದದ್ದನ್ನು ವೇರಿಯೇಟರ್, ಒಂದಷ್ಟು ತೂಕದ ರೋಲರ್, ಕ್ಲಚ್ ಸ್ಪ್ರಿಂಗ್ ಮತ್ತು ಟ್ಯಾಕೋಮೀಟರಿಗೆ ಹಾಕಿ. ಮಿಡ್‌ರೇಸ್ ಸಿಲಿಂಡರ್ ಕೊಳ್ಳುವಷ್ಟೇ ದುಡ್ಡಿದ್ದರೆ ಸ್ಪೋರ್ಟ್ ಕೊಂಡು ಉಳಿದದ್ದರಲ್ಲಿ ಬ್ರೇಕ್ ಪ್ಯಾಡು, ಟೈರು ಕೊಳ್ಳುವುದು ಜಾಣತನ. 45ಕ್ಕೆ ಮಾಡಿದ ಗಾಡಿಯ ಬ್ರೇಕೂ 45ಕ್ಕೆ ಮಾಡಿದ್ದೇ ತಾನೆ.

ಇದೆಲ್ಲ ಟ್ರ್ಯಾಕಿನ ಮಾತು. 70 ಸಿಸಿ ಮಾಡಿದ ಕ್ಷಣ ಆ ಸ್ಕೂಟರು ಇಟಲಿಯ ರಸ್ತೆಯ ಮೇಲೆ ಬರುವಂತಿಲ್ಲ. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸಬಾರದು ಅನ್ನುತ್ತದೆ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಬೆಂಗಳೂರಿನ ಗ್ಯಾರೇಜಿನಲ್ಲಿ ಹಳೇ ಕೈನೆಟಿಕ್ ಹೋಂಡಾಗೆ ಇದೇ ವಿದ್ಯೆ ಹೊಂದುತ್ತದೆ, ಟ್ರೇಲರಿನಲ್ಲಿ ಟ್ರ್ಯಾಕಿಗೆ ಒಯ್ಯುವುದಾದರೆ.

ಕೊನೆಗೆ ಉಳಿಯುವುದು ಹಿಂದಿನ ಚಕ್ರದ ಒಳಗಿನ ಗೇರು. ವೇರಿಯೇಟರ್ ಪೂರ್ತಿ ತೆರೆದುಕೊಂಡ ಮೇಲೂ ನೇರ ಹಾದಿ ಉಳಿದಿದ್ದರೆ ಎಂಜಿನ್ ಪೈಪಿನ ತುದಿ ದಾಟಿ ಸುಮ್ಮನೆ ಕಿರುಚುತ್ತದೆ, ಆಗ ಗೇರು ಉದ್ದ ಬೇಕು, ಅಂದರೆ ಅದೇ ಆರ್‌ಪಿಎಂಗೆ ಚಕ್ರ ಹೆಚ್ಚು ಸುತ್ತಬೇಕು. ಟ್ರ್ಯಾಕಿನ ಅತಿ ಉದ್ದದ ನೇರದಲ್ಲೂ ಬೆಲ್ಟು ಮೇಲಂಚಿಗೆ ಬರುತ್ತಿಲ್ಲವಾದರೆ ಗಿಡ್ಡ ಬೇಕು. ಇದನ್ನು ಕಂಡುಹಿಡಿಯಲು ಸುಲಭದ ದಾರಿ, ಮುಂದಿನ ಪುಲ್ಲಿಯ ತಟ್ಟೆಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಕೆಲವು ಸುತ್ತು ಓಡಿಸಿ ಬಿಚ್ಚಿ ನೋಡುವುದು. ಬೆಲ್ಟು ಎಲ್ಲಿವರೆಗೆ ಹೋಯಿತೋ ಅಲ್ಲಿವರೆಗೆ ಗೆರೆ ಅಳಿಸಿರುತ್ತದೆ. ಗೇರು ಬದಲಿಸಿದ ಮೇಲೆ ರೋಲರನ್ನು ಮತ್ತೆ ತೂಗಿ ನೋಡಬೇಕು, ಅದಕ್ಕೇ ತೂಕದ ಪೆಟ್ಟಿಗೆಯನ್ನು ಜೊತೆಯಲ್ಲಿಟ್ಟುಕೊಂಡಿರುವುದು.